ಅಭಯಾವತಿಯ ಕಿಶೋರ ದಳ ಕೈ ಎತ್ತಿದ್ದು

ಬಹಳ ಹಿಂದೆ, ಭೂಪಟ ಬರೆಯುವವರು ಊಟಕ್ಕೆ ಎದ್ದು ಹೋಗಿದ್ದ ಹೊತ್ತಿನಲ್ಲಿ ಹುಟ್ಟಿಕೊಂಡ ರಾಜ್ಯವೊಂದಿತ್ತು. ಹಾಗಾಗಿ ಅದು ಯಾವ ಭೂಪಟದಲ್ಲೂ ಇಲ್ಲ. ಓದುಗರು ಹುಡುಕುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಅದರ ಹೆಸರು ಅಭಯಾವತಿ. ಆಳುತ್ತಿದ್ದವನು ಶ್ರೀಮನ್ಮಹಾರಾಜ ನಿರಾತಂಕವರ್ಮ. ತನ್ನ ರಾಜ್ಯದಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂಬುದು ಅವನ ದೃಢವಾದ ನಂಬಿಕೆ. ಏನಾದರೂ ಆದರೆ ಅದನ್ನು ಅವನ ಕಿವಿಗೆ ಹಾಕಬಾರದು ಎಂಬುದು ಆಸ್ಥಾನದ ಅಷ್ಟೇ ದೃಢವಾದ ಪದ್ಧತಿ.

ಆ ರಾಜ್ಯದಲ್ಲಿ ಕಿಶೋರ ದಳ ಎಂಬುದೊಂದಿತ್ತು. ಊರಿನ ಹುಡುಗ ಹುಡುಗಿಯರು ಸಂಜೆ ಕೋಟೆ ಮೈದಾನದಲ್ಲಿ ಸೇರಿ ಕವಾಯತು ಮಾಡುತ್ತಿದ್ದರು, ಹಗ್ಗ ಹತ್ತುತ್ತಿದ್ದರು, ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಯುತ್ತಿದ್ದರು. ಕಲಿಸುವವರಿಗೆ ಸಂಬಳವಿರಲಿಲ್ಲ. ಅವರನ್ನು ಸ್ವಯಂಸೇವಕರು ಎನ್ನುತ್ತಿದ್ದರು. ಅಂದರೆ ಕೆಲಸ ಕೆಟ್ಟರೆ ಮುಂದಿನ ಸಾಲಿನಲ್ಲಿ ನಿಂತು ಬೈಸಿಕೊಳ್ಳುವ, ಚೆನ್ನಾದರೆ ಚಿತ್ರಪಟದ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣಿಸುವ ಜನ.

ಇವರಿಗೆಲ್ಲ ಮುಂದಾಳು ಹೊನ್ನಾಂಬೆ. ಹಗಲೆಲ್ಲ ಪೇಟೆಬೀದಿಯಲ್ಲಿ ಬಳೆ ಅಂಗಡಿ, ಬಿಸಿಲು ಇಳಿದ ಮೇಲೆ ಮೈದಾನ. ಕೈ ಕೊಸರಿ ಅಳುವ ಮಗುವಿಗೂ ಒಂದು ಬಳೆ ಒಡೆಯದಂತೆ ತೊಡಿಸಿ ಕಳಿಸುವವಳಾದ್ದರಿಂದ ಮಕ್ಕಳ ವಿಷಯದಲ್ಲಿ ಅವಳಿಗೆ ತಾಳ್ಮೆ ಹೆಚ್ಚು. ಆಸ್ಥಾನದ ವಿಷಯದಲ್ಲಿ ಅಷ್ಟಿರಲಿಲ್ಲ.

ಮಹಾರಾಜರ ವರ್ಧಂತಿ ಕಡುಬೇಸಗೆಯಲ್ಲಿ ಬರುತ್ತಿತ್ತು. ಸೂರ್ಯ ಸರಿಯಾಗಿ ಕಿರೀಟದ ಮೇಲೆ ನಿಂತಾಗಲೇ ಭಾಷಣ ಶುರುವಾಗಬೇಕೆಂದು ಜ್ಯೋತಿಷಿಗಳು ಹೇಳಿದ್ದರು. ಕಿಶೋರ ದಳ ಕಬ್ಬಿಣದ ಶಿರಸ್ತ್ರಾಣ ತೊಟ್ಟು, ಗುರಾಣಿ ಹಿಡಿದು ಬೆಳಗಿನಿಂದ ನಿಂತಿರಬೇಕು. ನಿಂತ ಮಕ್ಕಳು ಹೊತ್ತೇರಿದಂತೆ ಒಬ್ಬೊಬ್ಬರಾಗಿ ಬೀಳುತ್ತಿದ್ದರು. ಮೊದಲ ಸಲ ಮಗುವೊಂದು ಬಿದ್ದಾಗ ಮಹಾರಾಜರು ಇದೇನೆಂದು ಕೇಳಿದ್ದರಂತೆ. ಸುರಕ್ಷಾಮಾತ್ಯ ಘೋಷಶೇಖರನು ಕ್ಷಣವೂ ತಡೆಯದೆ, ಅದು ಸಾಷ್ಟಾಂಗ ನಮಸ್ಕಾರವೆಂದು ಬಿನ್ನವಿಸಿದ. ಮಹಾರಾಜರ ಕಣ್ಣು ತುಂಬಿ ಬಂತು. ಅಂದಿನಿಂದ ಅತಿ ಹೆಚ್ಚು ಮಕ್ಕಳು ಬಿದ್ದ ಸಾಲಿಗೆ ಬೆಳ್ಳಿಯ ಬಟ್ಟಲು ಬಹುಮಾನವಾಯಿತು.

ಒಂದು ವರ್ಷದ ವರ್ಧಂತಿಯಲ್ಲಿ ಸಂಪಂಗಿ ಎಂಬ ಹುಡುಗಿ ಬಿದ್ದಳು. ಗುರಾಣಿಯ ಅಂಚು ಹಣೆಗೆ ಬಡಿಯಿತು. ಕೆಲವು ದಿನ ಆ ಮಗು ಹೆತ್ತ ತಾಯಿಯನ್ನೇ ಗುರುತಿಸಲಿಲ್ಲ. ಅರಮನೆಯಿಂದ ಅವಳಿಗೆ 'ಉತ್ತಮ ಸಾಷ್ಟಾಂಗ' ಪ್ರಶಸ್ತಿ ಬಂತು. ಹೊನ್ನಾಂಬೆ ಹಣ್ಣು ತೆಗೆದುಕೊಂಡು ಹೋದಾಗ ತಾಯಿ ದೇವೀರಮ್ಮ ಜಗಳವಾಡಲಿಲ್ಲ. ಚಾಪೆ ಹಾಸಿ ಕೂರಿಸಿ, ಮಗಳ ಹಣೆಯ ಪಟ್ಟಿಯನ್ನು ಸರಿಮಾಡುತ್ತಾ ಹೇಳಿದಳು:

"ನಾನು ನಿಮ್ಮನ್ನ ನಂಬಿ ಕಳಿಸ್ದೆ ಹೊನ್ನಕ್ಕ, ಅರಮನೇನ ನಂಬಿ ಅಲ್ಲ."

ಮರುದಿನ ಹೊನ್ನಾಂಬೆ ಅಂಗಡಿಯ ಬಾಗಿಲು ತೆರೆಯದೆ ನೇರವಾಗಿ ಆಸ್ಥಾನಕ್ಕೆ ಹೋದಳು.

ಮಕ್ಕಳ ಸುರಕ್ಷತೆಗಾಗಿ ಸಂಜೆ ಹೊತ್ತಿಗೆ ಸಮಾರಂಭವಿಡಿ, ಕಬ್ಬಿಣ ಬೇಡ, ಚಪ್ಪರ ಹಾಕಿಸಿ, ನೀರಿಡಿ ಎಂದು ಕೇಳಿಕೊಂಡಳು. ಜೊತೆಗೆ ನಗಾರಿ ಕಲಿಸುವ ಪುಟ್ಟಬಸವಯ್ಯನ ಮಾತನ್ನೂ ಎತ್ತಿದಳು. ಆ ಮುದುಕ ವರ್ಷಾನುಗಟ್ಟಲೆ ನಗಾರಿಯನ್ನು ಒಬ್ಬನೇ ಹೊತ್ತು ಬೆನ್ನು ಮುರಿದುಕೊಂಡಿದ್ದ. ಔಷಧಿಗಾದರೂ ಏರ್ಪಾಡು ಆಗಬೇಕೆಂದಳು. ಘೋಷಶೇಖರನು ಎಲ್ಲವನ್ನೂ ತಲೆದೂಗಿ ಕೇಳಿದ. ಆಮೇಲೆ ಶಾಸ್ತ್ರ ಬಿಡಿಸಿದ.

"ಎಲೈ ಸಾಧ್ವಿ, ಸಂಬಳವಿಲ್ಲದಿದ್ದರೆ ಅದು ಕೆಲಸವಲ್ಲ. ಕೆಲಸವಲ್ಲದ ಮೇಲೆ ಕೆಲಸದ ಸ್ಥಳವೂ ಇಲ್ಲ. ಸ್ಥಳವೇ ಇಲ್ಲದ ಮೇಲೆ ಅಪಘಾತವು ಸಂಭವಿಸುವುದಾದರೂ ಎಲ್ಲಿ? ಆದಕಾರಣ ಅವನ ಬೆನ್ನು ಟೆಕ್ನಿಕಲಿ ಸರಿಯಾಗಿಯೇ ಇದೆ."

ಅಷ್ಟರಲ್ಲಿ 'ಸುರಕ್ಷತೆ' ಎಂಬ ಶಬ್ದ ಮಹಾರಾಜರ ಕಿವಿಗೆ ಬಿತ್ತು. ಅದು ಬಹಳ ಇಂಪಾಗಿದೆ ಎಂದರು. ಅಲ್ಲಿಗೆ ಎಲ್ಲವೂ ಆಯಿತು. ಆ ವರ್ಷವನ್ನು ಸುರಕ್ಷಾ ವರ್ಷವೆಂದು ಸಾರಲಾಯಿತು. ಟಾಸ್ಕ್ ಫೋರ್ಸ್ ಬಂತು, ಲೋಗೋ ಬಂತು, ಊರಿನ ಪ್ರತಿ ಕಂಬಕ್ಕೂ ಮಹಾರಾಜರು ಮುಗುಳ್ನಗುವ ಫ್ಲೆಕ್ಸ್ ಬಂತು. ಏಣಿಯ ತುದಿಯಲ್ಲಿ ನಿಂತು ಅವನ್ನು ಕಟ್ಟುವ ಭಾಗ್ಯ ಕಿಶೋರ ದಳದ್ದೇ ಎಂದು ಆಜ್ಞೆಯಾಯಿತು. ಹೊನ್ನಾಂಬೆ ಮಕ್ಕಳನ್ನು ಕೆಳಗಿಳಿಸಿ, ಇತರ ಸ್ವಯಂಸೇವಕರನ್ನು ಏಣಿ ಹಿಡಿಯಲು ನಿಲ್ಲಿಸಿ ತಾನೇ ಹತ್ತಿದಳು. ಕೊನೆಗೆ ಡಂಗುರ ಹೊಡೆಸಿ ರಾಜಾಜ್ಞೆ ಹೊರಟಿತು: ಇಂದಿನಿಂದ ರಾಜ್ಯದಲ್ಲಿ ಅಪಘಾತಗಳನ್ನು ನಿಷೇಧಿಸಲಾಗಿದೆ.

ಹೊನ್ನಾಂಬೆಗೆ ಜರಿಶಾಲು ಹೊದಿಸಿ 'ರಾಜ್ಯ ಕಿಶೋರ ಸುರಕ್ಷಾ ನಾಯಕಿ' ಎಂಬ ಬಿರುದು ಕೊಟ್ಟರು. ಅಧಿಕಾರವೇನೆಂದು ಕೇಳಿದಾಗ, ಶಾಲು ತೊಳೆಯದೆ ಜೋಪಾನವಾಗಿಡುವುದೆಂದು ತಿಳಿಸಿದರು.

"ಶಾಲು ಹೊದಿಸಿದ್ರು ಅಂದ್ರೆ ಬಾಯಿ ಕಟ್ಟಿದ್ರು ಅಂತ್ಲೇ ಕಣವ್ವ," ಎಂದ ಪುಟ್ಟಬಸವಯ್ಯ, ಬೆನ್ನು ನೀವಿಕೊಳ್ಳುತ್ತಾ.

"ಬಾಯಿ ತಾನೇ ಕಟ್ಟಿರೋದು? ಕೈ ಇನ್ನೂ ಬಿಡುವಾಗೇ ಅವೆಯಲ್ಲ," ಎಂದಳು ಹೊನ್ನಾಂಬೆ.

ಅವಳು ಮೈದಾನಕ್ಕೆ ಮಾತ್ರ ಒಂದು ನಿಯಮ ಮಾಡಿದಳು. ಮೈ ಹುಷಾರಿಲ್ಲದವರು, ಅಪಾಯ ಕಂಡವರು, ಸುಮ್ಮನೆ ಭಯವಾದವರೂ ಬಲಗೈ ಎತ್ತಬೇಕು. ಕಂಡವರೆಲ್ಲ ತಾವೂ ಎತ್ತಬೇಕು. ಆಗ ಎಲ್ಲವೂ ನಿಲ್ಲಬೇಕು, ಯಾಕೆಂದು ಯಾರೂ ಗದರಬಾರದು. ಮೊದಮೊದಲು ಮಕ್ಕಳು ಸೊಳ್ಳೆ ಕಚ್ಚಿದರೂ ಕೈ ಎತ್ತಿದರು, ಹಸಿವಾದರೂ ಎತ್ತಿದರು. ಅವಳು ಪ್ರತಿ ಸಲವೂ ನಿಲ್ಲಿಸಿದಳು. ಕೆಲಸ ಹಾಳಾಯಿತೆಂದು ಇತರ ಸ್ವಯಂಸೇವಕರು ಗೊಣಗಿದರು. ಒಂದು ಸಂಜೆ ಹಗ್ಗದ ಮಧ್ಯದಲ್ಲಿದ್ದ ಹುಡುಗನೊಬ್ಬ ಕೆಳಗಿಳಿದು ಮೆಲ್ಲಗೆ ಕೈ ಎತ್ತಿದ. ನೋಡಿದರೆ ಹಗ್ಗ ಒಂದೇ ಎಳೆಯ ಮೇಲೆ ನಿಂತಿತ್ತು. ಆಮೇಲೆ ಯಾರೂ ಗೊಣಗಲಿಲ್ಲ. ನಗಾರಿ ಹೊರಲು ಮೂವರು ತಾವಾಗಿಯೇ ಮುಂದೆ ಬಂದರು. ಸುದ್ದಿ ತಿಳಿದು ದೇವೀರಮ್ಮನೂ ಮಗಳನ್ನು ಕೈ ಹಿಡಿದು ಕರೆತಂದಳು. ಸಂಪಂಗಿ ಹಲವು ಸಂಜೆ ಬೇಲಿಯ ಬಳಿಯೇ ನಿಂತು ನೋಡಿದಳು, ಆಮೇಲೊಂದು ದಿನ ಸದ್ದಿಲ್ಲದೆ ಬಂದು ಸಾಲು ಸೇರಿದಳು.

ಮತ್ತೆ ವರ್ಧಂತಿ ಬಂತು. ಈ ಸಲ ಚಪ್ಪರ ಹಾಕಿಸಿದ್ದರು. ಬಿಸಿಲಿಗೆ ಬಣ್ಣ ಮಾಸಬಾರದೆಂದು ಅದರ ಕೆಳಗೆ ಸುರಕ್ಷಾ ವರ್ಷದ ದೊಡ್ಡ ಫ್ಲೆಕ್ಸನ್ನು ನಿಲ್ಲಿಸಿದ್ದರು. ಮಕ್ಕಳು ಎಂದಿನಂತೆ ಕಬ್ಬಿಣ ತೊಟ್ಟು ಬಯಲಲ್ಲಿ ನಿಂತರು. ಮಹಾರಾಜರ ಭಾಷಣ ಪೂರ್ವಜರಿಂದ ತೊಡಗಿ ನಿಧಾನವಾಗಿ ವರ್ತಮಾನದತ್ತ ಬರುತ್ತಿತ್ತು. ಹೊನ್ನಾಂಬೆ ಅದನ್ನು ಕೇಳಲಿಲ್ಲ. ಅವಳ ಕಣ್ಣು ಸಂಪಂಗಿಯ ತುಟಿಯ ಮೇಲಿತ್ತು. ತುಟಿ ಬಿಳಿಚಿತ್ತು.

"ಸುರಕ್ಷತೆಯೆಂದರೆ ನೆರಳು," ಎನ್ನುತ್ತಿದ್ದರು ಮಹಾರಾಜರು. "ನಮ್ಮ ನೆರಳಿನಲ್ಲಿ ಬಾಳುವ ಪ್ರಜೆಗಳು ಆ ನೆರಳಿಗೊಂದು ಕಿರುಗಾಣಿಕೆ ಸಲ್ಲಿಸುವುದು ಉಚಿತವಲ್ಲವೆ? ನಾಳಿನ ಪ್ರಜೆಗಳೇ, ನೀವೇ ಹೇಳಿ."

ಆಗ ಸಂಪಂಗಿ ಬಲಗೈ ಎತ್ತಿದಳು.

ಎತ್ತಿದ ಕೈ ಇಳಿಯಲಿಲ್ಲ. ಪಕ್ಕದವನು ನೋಡಿದ, ಎತ್ತಿದ. ಸಾಲಿನಿಂದ ಸಾಲಿಗೆ ಹಬ್ಬಿ ಮೈದಾನದ ತುಂಬ ಕೈಗಳಾದವು. ನಗಾರಿಯ ಹಿಂದಿನಿಂದ ಪುಟ್ಟಬಸವಯ್ಯನದೂ ಒಂದು ಎದ್ದಿತು.

"ಸರ್ವಾನುಮತ, ಪ್ರಭೂ," ಎಂದ ಘೋಷಶೇಖರ. ಮಹಾರಾಜರು ಕಣ್ಣೊರೆಸಿಕೊಂಡರು.

ಹೊನ್ನಾಂಬೆಗೆ ಅದೊಂದೂ ಕೇಳಿಸಲಿಲ್ಲ. ಅವಳು ಸಾಲಿನ ನಡುವೆ ನುಗ್ಗಿ ಸಂಪಂಗಿಯನ್ನು ತೋಳಿಗೆ ಆನಿಸಿಕೊಂಡಳು. ದನಿ ಏರಿಸದೆ ಹೇಳಿದಳು: "ತಲೆ ಮೇಲಿಂದು ತೆಗೀರಿ. ಗುರಾಣಿ ಅಲ್ಲೇ ಬಿಡಿ. ಎಲ್ರೂ ಹೊಂಗೆ ತೋಪಿಗೆ ನಡೀರಿ." ಮಹಾರಾಜರ ಭಾಷಣದ ನಡುವೆ ಯಾರೂ ಹೀಗೆ ಹೋದದ್ದಿಲ್ಲ. ಅವಳು ತಿರುಗಿ ನೋಡಲಿಲ್ಲ. ಮೈದಾನದಂಚಿನ ಆ ತೋಪಿನಲ್ಲಿ ಸ್ವಯಂಸೇವಕರು ನೀರು ಕುಡಿಸಿದರು, ಮುಖ ಒರೆಸಿದರು. ಅಂದು ಒಂದು ಮಗುವೂ ಬೀಳಲಿಲ್ಲ. ಹೋಗುತ್ತಿದ್ದ ಮಕ್ಕಳನ್ನು ತೋರಿಸಿ ಘೋಷಶೇಖರನು, ನೆರಳಿನ ಯೋಜನೆ ಆಗಲೇ ಪೈಲಟ್ ಹಂತಕ್ಕೆ ಬಂದಿದೆ ಎಂದು ಅರುಹಿದ.

ವಿಷಯ ತಿಳಿದ ಹೊನ್ನಾಂಬೆ ಮರುದಿನ ಅರಮನೆಗೆ ಓಡಿದಳು.

"ಅದು ಒಪ್ಪಿಗೆ ಅಲ್ಲ ಮಹಾಪ್ರಭು. ಮಕ್ಕಳು ಸಾಕು ಅಂದಿದ್ದು."

"ಸಾಕು ಎಂದರೆ ತೃಪ್ತಿ ತಾನೆ?" ಎಂದರು ಮಹಾರಾಜರು, ಬಹಳ ವಾತ್ಸಲ್ಯದಿಂದ.

ಶಾಲನ್ನು ಅಲ್ಲೇ ಮಡಿಸಿಟ್ಟು ಅವಳು ಹಿಂದಿರುಗಿದಳು. ಒಬ್ಬರೂ ಬೀಳದ ವರ್ಧಂತಿ ನಡೆಸಿದ್ದಕ್ಕೆ ಘೋಷಶೇಖರನಿಗೆ 'ಅಪಘಾತಾಂತಕ' ಎಂಬ ಬಿರುದೂ ಚಿನ್ನದ ಶಿರಸ್ತ್ರಾಣವೂ ದೊರೆತವು. ರಾಜ್ಯದ ಸಮಸ್ತ ನೆರಳನ್ನು ಸರ್ಕಾರಿ ಸುರಕ್ಷಾ ಸಾಧನವೆಂದು ಘೋಷಿಸಿ ನೆರಳುಗಂದಾಯ ವಿಧಿಸಲಾಯಿತು. ಮರದ್ದಕ್ಕೊಂದು ದರ, ಸೂರಿನದಕ್ಕೊಂದು, ಛತ್ರಿಯದಕ್ಕೊಂದು. ಸಂಜೆ ನೆರಳು ಉದ್ದವಾಗುವುದರಿಂದ ದರವೂ ಏರುತ್ತಿತ್ತು. ಸೊಪ್ಪಿನವಳು ಕೊಟ್ಟಳು, ಚಮ್ಮಾರ ಕೊಟ್ಟ, ಕಟ್ಟೆಯ ಮೇಲಿನ ಮುದುಕರು ಶಾಪ ಹಾಕುತ್ತಾ ಕೊಟ್ಟರು.

ದಳದ ಅಭ್ಯಾಸ ಮಾತ್ರ ನಿಲ್ಲಲಿಲ್ಲ, ಈಗ ತೋಪಿನಲ್ಲಿ ನಡೆಯುತ್ತಿತ್ತು. ತೋಪಿನ ಕಂದಾಯಕ್ಕೆ ತಾಯಂದಿರು ಸೆರಗಿನ ಗಂಟು ಬಿಚ್ಚಿದರು. ಒಂದು ಸಂಜೆ ನೆರಳು ಅಳೆಯುವ ಅಧಿಕಾರಿ ಬಂದ. ಬೆಳಗಿನಿಂದ ಬಿಸಿಲಲ್ಲಿ ನೆರಳುಗಳ ಸುತ್ತ ಹಗ್ಗ ಹಿಡಿದು ಓಡಾಡಿ ಅವನ ಮುಖ ಕೆಂಡವಾಗಿತ್ತು, ಹೆಜ್ಜೆ ತಪ್ಪುತ್ತಿತ್ತು. ಸಂಪಂಗಿ ಅವನನ್ನು ನೋಡಿ ಕೈ ಎತ್ತಿದಳು. ಕವಾಯತು ನಿಂತಿತು. ಹೊನ್ನಾಂಬೆ ಅವನ ರುಮಾಲು ಬಿಚ್ಚಿಸಿ ಹೊಂಗೆಯ ಬುಡಕ್ಕೆ ಒರಗಿಸಿದಳು, ಹುಡುಗಿ ನೀರಿನ ಚೊಂಬು ಹಿಡಿದಳು. ಅವನು ಗಟಗಟನೆ ಕುಡಿದು, ಕಣ್ಣು ಮುಚ್ಚಿ, ತುಂಬಾ ಹೊತ್ತು ತಂಪಿಗೆ ಕೂತಿದ್ದ. ಆಮೇಲೆ ಕಣ್ಣು ತೆರೆದು ಸುತ್ತ ನೋಡಿದ. ನಿಟ್ಟುಸಿರು ಬಿಟ್ಟು ಚೀಲದಿಂದ ಕಂದಾಯದ ರಸೀದಿ ಪುಸ್ತಕ ತೆಗೆದು, ತನ್ನ ಹೆಸರಿಗೇ ಒಂದನ್ನು ಬರೆದುಕೊಂಡ.