ಮೊದಲು ನೀವು ಆರಿಸಿಕೊಳ್ಳಿ

ನನಗೆ ಗಾಬರಿಯಾಗುವುದು ಬಹಳ ಸುಲಭ. ಪಕ್ಕದ ಮನೆಯವರು ಬಾಗಿಲು ಜೋರಾಗಿ ಹಾಕಿದರೆ, ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ, ನಮ್ಮ ಕಾಲೇಜಿನ ಪ್ರಾಚಾರ್ಯರು ನಗುತ್ತಾ ಮಾತಾಡಿಸಿದರೆ ಎದೆ ಧಸಕ್ಕೆನ್ನುತ್ತದೆ. "ನಿಮಗ ಗಾಬ್ರಿ ಆಗಾಕ ಕಾರಣ ಬೇಕಾಗಿಲ್ರಿ, ಬರೇ ಬೆಳಗಾದ್ರ ಸಾಕು" ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. ಆದರೆ ಈ ಸಲದ ಗಾಬರಿ ಅಂಥದ್ದಲ್ಲ. ಇದಕ್ಕೆ ಕಾರಣವಿದೆ, ಸಾಕ್ಷಿಗಳಿದ್ದಾರೆ, ಮತ್ತು ಇಷ್ಟು ದಿನವಾದರೂ ಅದು ಇಳಿದಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಇಳಿಯುವ ಲಕ್ಷಣವೂ ಕಾಣದ್ದರಿಂದ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಾನು ಬಸವಕಲ್ಯಾಣದವನು. ಹುಮನಾಬಾದಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸಲು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಜೀವಮಾನದಲ್ಲಿ ಫುಟ್ಬಾಲ್ ಒದ್ದವನಲ್ಲ. ಕಾಲೇಜಿನ ಮೈದಾನದ ಅಂಚಿನಲ್ಲಿ ಚಹಾ ಕುಡಿಯುತ್ತಿದ್ದಾಗ ಅದೇ ಒಮ್ಮೆ ಬಂದು ನನ್ನನ್ನು ಒದ್ದಿದೆ. ನಮ್ಮ ಸಂಬಂಧ ಅಷ್ಟೇ. ಆದರೆ ಟಿ.ವಿ.ಯಲ್ಲಿ ನೋಡುತ್ತೇನೆ. ಒಂದು ದಿನ ಸಿಬ್ಬಂದಿ ಕೋಣೆಯಲ್ಲಿ ಎಲ್ಲರೂ ಪಂದ್ಯ ನೋಡುತ್ತಿದ್ದಾಗ, "ಆ ಉದ್ದನ್ನ ಹುಡುಗ ಈಗ ಬೀಳ್ತಾನ ನೋಡ್ರಿ" ಎಂದೆ. ಅವನು ಬಿದ್ದ. ಅವನ ಬೂಟಿನ ದಾರ ಬಿಚ್ಚಿದ್ದು ನನಗೆ ಕಂಡಿತ್ತು, ಬೇರೇನಿಲ್ಲ. ಅಂದಿನಿಂದ ನಾನು ಫುಟ್ಬಾಲ್ ಬಲ್ಲವನೆಂದು ಹೆಸರಾಯಿತು. ನಿಜ ಹೇಳಬೇಕೆಂದರೆ, ಆ ಹೆಸರನ್ನು ಓಡಿಸಲು ನಾನೇನೂ ಬಹಳ ಒದ್ದಾಡಲಿಲ್ಲ.

ಹೆಸರು ನಮ್ಮೂರಿನ ರೇವಣಪ್ಪ ಶೇಟ್ರ ಕಿವಿಗೂ ಬಿತ್ತು. ಶೇಟ್ರದು ತೊಗರಿಬೇಳೆಯ ಮಿಲ್ಲು. ಈ ವರ್ಷ ನಮ್ಮ ಭಾಗದಲ್ಲೊಂದು ಹೊಸ ಫುಟ್ಬಾಲ್ ಲೀಗ್ ಶುರುವಾಗಿ ಬಸವಕಲ್ಯಾಣ, ಹುಮನಾಬಾದ್, ಸೋಲಾಪುರ ಎಂದು ಮೂರು ತಂಡಗಳಾದವು. ಸಂಬಳ ಕೊಟ್ಟು ಆಡಿಸುವ ತಂಡಗಳು. ನಮ್ಮೂರಿನದನ್ನು ಶೇಟ್ರು ಕೊಂಡರು. ಆಟಗಾರರನ್ನು ಹರಾಜಿನಲ್ಲಿ ಹಿಡಿಯುವಂತಿರಲಿಲ್ಲ. ಮಾಲೀಕರೆಲ್ಲ ಒಂದೆಡೆ ಕೂತು, ಚೀಟಿ ಎತ್ತಿ, ಬಂದ ಸರದಿಯಂತೆ ಕಾಲೇಜು ಹುಡುಗರಲ್ಲಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಬೇಕು. ಯಾವ ಹುಡುಗ ಒಳ್ಳೆಯವನೆಂದು ಮೊದಲೇ ನೋಡಿಡುವ ಕೆಲಸ ನನ್ನ ಕೊರಳಿಗೆ ಬಿತ್ತು. "ಸರ, ನನಗ ಬ್ಯಾಳಿ ಗೊತ್ತದ, ಚಂಡು ಗೊತ್ತಿಲ್ಲ. ನೀವ್ ತೋರ್ಸಿದವನ್ನ ಕಣ್ಣು ಮುಚ್ಚಿ ತಗೋತೀನ್ರಿ" ಎಂದರು ಶೇಟ್ರು. ಒಲ್ಲೆ ಎನ್ನಲು ನಾಲಿಗೆ ಹೊರಳಲಿಲ್ಲ.

ಮೈದಾನಕ್ಕೆ ಹೋಗಿ ಕೂತ ಮೊದಲ ದಿನವೇ ನನ್ನ ಇಷ್ಟು ವರ್ಷದ ಮಾಸ್ತರಿಕೆಯ ಮೇಲೆ ನನಗೆ ಅನುಮಾನ ಬಂತು. ಹಾಜರಿ ಕೂಗಿದರೆ ಬಾಯಿ ತೆರೆಯದ ಹುಡುಗ ಇಲ್ಲಿ ಗೋಲಿನ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಅಪ್ಪಣೆ ಕೊಡುತ್ತಿದ್ದ. ಮೊಣಕಾಲು ನೋವೆಂದು ಕಿರುಪರೀಕ್ಷೆ ತಪ್ಪಿಸಿದವನು ಅದೇ ಮೊಣಕಾಲಿನ ಮೇಲೆ ಗಜಗಟ್ಟಲೆ ಜಾರಿ ಎದ್ದು ನಗುತ್ತಿದ್ದ. ಇನ್ನು ಕೆಲವರು ಹಾರಿ ಹಾರಿ ಚೆಂಡನ್ನು ತಲೆಯಿಂದ ಹೊಡೆಯುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ. ಆ ತಲೆಗಳೊಳಗೆ ನಾನು ವರ್ಷವಿಡೀ ಕಷ್ಟಪಟ್ಟು ತುಂಬಿದ ಆದಾಯ ತೆರಿಗೆಯ ಪಾಠಗಳಿದ್ದವು. ಒಂದು ದಿನ ಶೇಟ್ರೂ ಬಂದರು. ಎತ್ತಿನ ಸಂತೆಗೆ ಹೋದವರಂತೆ ಒಬ್ಬೊಬ್ಬನ ಮೀನಖಂಡ ಹಿಚುಕಿ ನೋಡಿದರು. ಹುಡುಗರೂ ಒಂದು ಮಾತಾಡದೆ ಪ್ಯಾಂಟು ಮೇಲೆತ್ತಿ ಕಾಲು ಚಾಚಿದರು. ಶೇಟ್ರು ಹಲ್ಲು ಎಣಿಸಲು ಶುರುಮಾಡುವ ಮೊದಲು ನಾನು ಅವರನ್ನು ಚಹಾದ ಅಂಗಡಿಗೆ ಕರೆದುಕೊಂಡು ಹೋದೆ.

ಎಲ್ಲಕ್ಕಿಂತ ದೊಡ್ಡ ಗಾಬರಿ ಕೊಟ್ಟವನು ಸಿದ್ಧಾರ್ಥ. ನನ್ನ ತರಗತಿಯಲ್ಲಿ ಅವನದು ಕೊನೆಯ ಬೆಂಚು. ಯಾವ ಪುಟ ಎಂದು ಕೇಳಿದರೆ ಪಕ್ಕದವನ ಮುಖ ನೋಡುತ್ತಿದ್ದ. ಅಂಥವನು ಇಲ್ಲಿ ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿಯೂ ನೋಡದೆ, ಸರಿಯಾಗಿ ಅವರ ಕಾಲಿಗೇ ಚೆಂಡು ಕಳಿಸುತ್ತಿದ್ದ. ಅವನ ಕಾಲಿಗೆ ಬಂದ ಚೆಂಡು ಮಾತ್ರ ಹೋಗಲು ಮನಸ್ಸಿಲ್ಲದ ನೆಂಟನಂತೆ ಅಲ್ಲೇ ಉಳಿದುಬಿಡುತ್ತಿತ್ತು. ಫುಟ್ಬಾಲ್ ತಿಳಿಯದ ನನಗೂ ಮೈ ಜುಮ್ಮೆಂದಿತು. "ಈ ಹುಡುಗ ಸಿಕ್ರ ಸಾಕು, ಉಳಿದವರು ಯಾರರ ಆಗ್ಲಿ" ಎಂದು ಶೇಟ್ರಿಗೆ ಹೇಳಿದೆ.

ಸಿದ್ಧಾರ್ಥ ಹುಡಗಿ ಗ್ರಾಮದವನು. ತಂದೆ ಇಲ್ಲ. ತಾಯಿ ಕಮಲಾಬಾಯಿ ಕಂಡವರ ಹೊಲದಲ್ಲಿ ಕೂಲಿ ಮಾಡುವವಳು. ಈ ಸಲ ಯಾವ ತಂಡಕ್ಕೂ ಆಯ್ಕೆಯಾಗದಿದ್ದರೆ ಆಟ ಸಾಕು ಮಾಡಿ, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಸೋದರಮಾವನ ಟ್ರ್ಯಾಕ್ಟರ್ ಏರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾನೇ ಅವರ ಮನೆಗೆ ಹೋಗಿ, "ತಾಯಿ, ನಿಮ್ಮ ಮಗ ನಮ್ಮ ತಂಡಕ್ಕ ಬಂದಂಗ ತಿಳೀರಿ" ಎಂದು ಮಾತು ಕೊಟ್ಟೆ. "ಬಸವಕಲ್ಯಾಣ ಅಂದ್ರ ಸಂಜೀಗಿ ಮನಿಗಿ ಬರ್ತಾನಲ್ರಿ?" ಎಂದು ಮಾತ್ರ ಕೇಳಿದಳು ಆಕೆ. "ಬರ್ತಾನ" ಎಂದೆ. ಅವನು ಸಂಜೆ ಬರುವುದು ನನ್ನ ಕೈಯಲ್ಲೇ ಇದ್ದಂತೆ ಹೇಳಿದೆ.

ಆಯ್ಕೆ ನಡೆದದ್ದು ಹುಮನಾಬಾದಿನ ಮದುವೆ ಮಂಟಪವೊಂದರಲ್ಲಿ. ಮುಂದೆ ಮಾಲೀಕರ ಸೋಫಾ, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹುಡುಗರು. ಸೋಲಾಪುರದವರ ಕಾರು ರಾಜೇಶ್ವರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಂಡಿತ್ತು. "ನೀವ್ ಶುರು ಮಾಡ್ರಿ, ನಮ್ಮ ತಪ್ಪಿದ ಸರದಿ ನಾವ್ ಬಂದ ಕೂಡ್ಲೇ ತಗೋತೀವಿ" ಎಂದು ಅವರು ಫೋನ್ ಮಾಡಿದ್ದರು. ಚೀಟಿ ಎತ್ತಿದಾಗ ಮೊದಲ ಸರದಿ ನಮ್ಮದೇ ಬಂತು. ನನಗೆ ಕುಣಿಯುವಂತಾಯಿತು. ಶೇಟ್ರು ಎದ್ದು ನಿಂತರು, ಗಂಟಲು ಸರಿಮಾಡಿಕೊಂಡರು, ಹುಮನಾಬಾದ್ ತಂಡದ ಮಾಲೀಕರಾದ ವೀರಣ್ಣ ಸಾಹುಕಾರರ ಕಡೆ ತಿರುಗಿ ಕೈಮುಗಿದರು. "ನೀವ್ ಹಿರ್ಯಾರು. ಮೊದಲ ನೀವ್ ಆರಿಸ್ಕೋರಿ" ಎಂದರು.

ನಮ್ಮ ಕಡೆಯ ಈ ಅದಬು, ಈ ಮರ್ಯಾದೆ, ನಿಜಾಮರ ಕಾಲದಿಂದ ಬಂದದ್ದೋ ಏನೋ, ರಕ್ತದಲ್ಲೇ ಇಳಿದಿದೆ. ಇಬ್ಬರು ಗೆಳೆಯರು "ನೀವ್ ಹತ್ರಿ, ನೀವ್ ಹತ್ರಿ" ಎನ್ನುತ್ತಾ ನಿಂತು ಬಸ್ಸೇ ಹೊರಟುಹೋದದ್ದನ್ನು ನಾನು ಹುಮನಾಬಾದ್ ನಿಲ್ದಾಣದಲ್ಲಿ ಕಂಡಿದ್ದೇನೆ. ಕಂಡಿದ್ದೇನೆ ಎಂದೇನು, ಆ ಇಬ್ಬರಲ್ಲೊಬ್ಬ ನಾನೇ. ಆದರೆ ಫುಟ್ಬಾಲಿನಲ್ಲಿ? ನಾನು ಶೇಟ್ರ ಅಂಗಿ ಜಗ್ಗಿದೆ. ಅವರು ನನ್ನ ಕೈ ಕೊಡವಿದರು.

ಸಾಹುಕಾರರೂ ಕಡಿಮೆಯವರಲ್ಲ. ಬಹಳ ಹೊತ್ತು ಒಲ್ಲೆ ಒಲ್ಲೆ ಎಂದು, ಕೊನೆಗೆ ಒಪ್ಪಿ, ಸಿದ್ಧಾರ್ಥನನ್ನು ಬಿಟ್ಟು ಇನ್ನೊಬ್ಬನನ್ನು ಆರಿಸಿದರು. "ಅವ ನಿಮ್ಮ ಮನಸ್ಸಿನ ಹುಡುಗ ಅಂತ ಊರಿಗೇ ಗೊತ್ತದ. ನಾ ಹ್ಯಾಂಗ ಕೈ ಹಾಕ್ಲಿ?" ಎಂದರು. ನನಗೆ ಹೋದ ಜೀವ ಬಂತು. ಅದು ನಿಲ್ಲುವಷ್ಟರಲ್ಲಿ ಶೇಟ್ರು ಬೇರೊಬ್ಬನ ಹೆಸರು ಹೇಳಿಬಿಟ್ಟರು. ನಾನು ಬಾಯಿ ಬಿಟ್ಟು ನೋಡಿದೆ. "ಅವರು ಬಿಟ್ಟ ಕೂಡ್ಲೇ ನಾವ್ ಆಸೆಬುರುಕರಂಗ ತಗೊಂಡ್ರ ಹ್ಯಾಂಗ ಕಾಣ್ತದ್ರಿ ಸರ? ಒಂದ್ ಸುತ್ತು ತಡೀರಿ" ಎಂದು ಪಿಸುಗುಟ್ಟಿದರು.

ಸುತ್ತುಗಳು ಉರುಳಿದವು. ಸಾಹುಕಾರರು ನಮಗಾಗಿ ಅವನನ್ನು ಬಿಟ್ಟರು. ಶೇಟ್ರು ಸಾಹುಕಾರರಿಗಾಗಿ ಬಿಟ್ಟರು. ಸರಿಯಾಗಿ ಓಡಲೂ ಬಾರದವರು ಆಯ್ಕೆಯಾಗಿ, ಹೊಸ ಅಂಗಿ ತೊಟ್ಟು ಗೋಡೆಯ ಬದಿ ಸಾಲಾಗಿ ನಿಂತರು. ಹಿಂದಿನ ಕುರ್ಚಿಗಳು ಬರಿದಾಗುತ್ತಾ ಬಂದವು. ಸಿದ್ಧಾರ್ಥ ತಲೆ ತಗ್ಗಿಸಿ ಕೂತಿದ್ದ. ತನ್ನಲ್ಲಿ ಏನು ಕೊರತೆ ಕಂಡರು ಎಂದು ಅವನು ಲೆಕ್ಕ ಹಾಕುತ್ತಿರಬೇಕು. ಅವನ ಆಟವೇ ಎಲ್ಲರಿಗಿಂತ ಚೆನ್ನಾಗಿದೆ, ಅದಕ್ಕೇ ಯಾರೂ ಮುಟ್ಟುತ್ತಿಲ್ಲ ಎಂದು ಹೋಗಿ ಹೇಳಿದರೆ ಯಾವ ಹುಡುಗ ನಂಬುತ್ತಾನೆ? ನನಗೆ ಸಿಟ್ಟು ಬಂತು. ನಮ್ಮ ಕೊನೆಯ ಸರದಿಗೆ ಮುಂಚೆ ಶೇಟ್ರ ಕಿವಿ ಹಿಡಿದಂತೆ ಹೇಳಿದೆ: "ಇದು ಆ ಹುಡುಗನ ಬಾಳಿನ ಪ್ರಶ್ನಿ ಅದ. ನಿಮ್ಮ ನಾಚಿಕಿ ಸಾಕು ಮಾಡ್ರಿ." ಶೇಟ್ರು ಮೆತ್ತಗಾದರು. "ಆಗ್ಲಿ ಬಿಡ್ರಿ, ಚಹಾ ಬಂದದ. ಎರಡು ಗುಟುಕು ಕುಡ್ದು ಹೆಸರು ಹೇಳ್ತೀನಿ" ಎಂದರು.

ಆ ಎರಡು ಗುಟುಕಿನ ನಡುವೆ ಸೋಲಾಪುರದ ಮಾಲೀಕರಾದ ಜಾಧವ್ ಬಂದು ನನ್ನ ಪಕ್ಕದಲ್ಲೇ ಕೂತರು. ಬೆವರು ಒರೆಸಿಕೊಂಡು ಹಿಂದೆ ನೋಡಿದರು. "ಆ ಹುಡುಗ ಇನ್ನಾ ಉಳ್ದಾನಲ್ರಿ. ಯಾಕ, ಕಾಲಿಗಿ ಏನರ ಪೆಟ್ಟಾಗ್ಯಾದೇನು?" ಎಂದು ಕೇಳಿದರು.

"ಏನೂ ಇಲ್ರಿ. ಬಂಗಾರದಂಥ ಹುಡುಗ" ಎಂದೆ.

"ಹಂಗಾರ ನಾ ತಗೊಳ್ಳಲೇನು? ನಿಮ್ಮದೇನೂ ಅಡ್ಡಿ ಇಲ್ಲಲ್ಲ?"

ಇಲ್ಲಿ ನಾನು ನಿಮ್ಮ ಮುಖ ನೋಡಲಾರೆ. ನನ್ನ ತಲೆ 'ಬೇಡ' ಎಂದಿತು. ನನ್ನ ಎದೆ 'ಬೇಡ' ಎಂದಿತು. ನನ್ನ ಬಾಯಿ ಮಾತ್ರ ಯಾರನ್ನೂ ಕೇಳದೆ, "ಏ, ತಗೋರಿ ತಗೋರಿ, ಅದರಾಗ ಕೇಳೋದೇನದ? ನಿಮ್ಮವನೇ ಅಂತ ತಿಳೀರಿ" ಎಂದಿತು. ಜಾಧವ್ ಕೈ ಎತ್ತಿದರು. ಆಯೋಜಕರು ಹೆಸರು ಕೂಗಿದರು. ಶೇಟ್ರ ಕಪ್ಪು ಇನ್ನೂ ತುಟಿಯ ಹತ್ತಿರವೇ ಇತ್ತು.

"ಅವರಿಗಿ ತಗೋ ಅಂತ ಯಾರ್ ಹೇಳಿದ್ರು?" ಎಂದರು ಶೇಟ್ರು.

"ನಾನೇ ರೀ" ಎಂದೆ. ಭೂಮಿ ಬಾಯ್ಬಿಟ್ಟರೆ ಇಳಿದುಹೋಗುತ್ತಿದ್ದೆ. ಶೇಟ್ರು ಮಾತ್ರ ಕಪ್ಪು ಕೆಳಗಿಟ್ಟು ನನ್ನ ಬೆನ್ನು ತಟ್ಟಿದರು. "ಛಲೋ ಮಾಡಿದ್ರಿ ಸರ. ಪರ ಊರಿನವರು, ದಾರ್ಯಾಗ ತ್ರಾಸ ಪಟ್ಟು ಬಂದಾರ. ಇಲ್ಲ ಅಂದಿದ್ರ ನಮ್ಮ ಇಜ್ಜತ್ ಏನ್ ಉಳೀತಿತ್ತು?" ಎಂದರು. ಅವರು ಬೈದಿದ್ದರೆ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಕಮಲಾಬಾಯಿಗೆ ನಾನೇ ಫೋನ್ ಮಾಡಿದೆ. ಆಯ್ಕೆಯಾಗಿದೆ, ಟ್ರ್ಯಾಕ್ಟರ್ ತಪ್ಪಿತು, ಆದರೆ ಸೋಲಾಪುರಕ್ಕೆ ಹೋಗಬೇಕು, ಅಲ್ಲೇ ಇರಬೇಕು ಎಂದೆ. "ನೀವ್ ಬಸವಕಲ್ಯಾಣ ಅಂದಿದ್ರಿ" ಎಂದಳು. ಆಮೇಲೆ ಆಕೆಯೇ ಕೇಳಿದಳು: "ಅಲ್ಲಿ ಊಟಕ್ಕ ಒತ್ತಾಯ ಮಾಡಿ ನೀಡ್ತಾರೇನ್ರಿ? ನಮ್ಮ ಹುಡುಗ ಹೊಟ್ಟಿ ತುಂಬದಿದ್ರೂ ಸಾಕು ಅಂತಾನ. ಎರಡನೇ ಸಲ ಕೇಳಿದ್ರನೇ ತಟ್ಟಿ ಮುಂದ ಮಾಡ್ತಾನ."

"ನೀಡ್ತಾರ ತಾಯಿ. ನಾ ಅವರಿಗಿ ಹೇಳ್ತೀನಿ" ಎಂದೆ. ಹೇಳಿಯೂ ಹೇಳಿದೆ, ಜಾಧವರು ನಕ್ಕು ತಲೆಯಾಡಿಸಿದರು.

ಮನೆ ಮುಟ್ಟುವಷ್ಟರಲ್ಲಿ ಇಳಿಹೊತ್ತು. ಶಾಂತಾ ಪಾತ್ರೆಗಳನ್ನು ತಿಕ್ಕಿ ಬೋರಲು ಹಾಕಿ, ಅಡುಗೆಮನೆ ಒರೆಸಿ, ಆಗತಾನೇ ಕಾಲು ಚಾಚಿ ಕೂತಿದ್ದಳು. "ಊಟ ಆಗ್ಯಾದೇನ್ರಿ?" ಎಂದಳು. ಮಂಟಪದಲ್ಲಿ ಊಟ ಬಡಿಸುವವನು ಬಂದಾಗ ನಾನು ಒಂದು ಸಲ ಬೇಡವೆಂದಿದ್ದೆ. ಅವನು ಅದನ್ನು ನಿಜವೆಂದೇ ತಿಳಿದು ಮುಂದೆ ಹೋಗಿದ್ದ. ಹೊಟ್ಟೆ ಹಸಿವಿನಿಂದ ಕೂಗುತ್ತಿತ್ತು.

"ಆಗ್ಯಾದ" ಎಂದೆ. ಶಾಂತಾ ಎರಡನೇ ಸಲ ಕೇಳಲಿಲ್ಲ.