ಬ್ಯಾಂಕು ಬ್ಯಾಂಕನ್ನು ನುಂಗಿದ ದಿನ ನಾನು ಬತ್ತೇರಿಯಲ್ಲಿದ್ದೆ

ಎಚ್ಚರಿಕೆಯ ಮನುಷ್ಯರ ವಿಷಯದಲ್ಲಿ ತುಸು ಎಚ್ಚರಿಕೆಯಿಂದಿರಬೇಕು ಎಂದು ನನಗೆ ಈಗೀಗ ಅನ್ನಿಸತೊಡಗಿದೆ. ಅನುಭವದಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ನಾನೇ ಅಂಥವನು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ನೋಡಲು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ಸು ಬರುವವನು. ಬೀಗ ಹಾಕಿದ ಮೇಲೆ ಎಳೆದು ನೋಡಿ, ಎಳೆದ ರಭಸಕ್ಕೆ ಸಡಿಲವಾಯಿತೇನೋ ಎಂದು ಇನ್ನೊಮ್ಮೆ ಎಳೆಯುವವನು. ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನಗೆ ಅಲ್ಲಿ ಇದೇ ಕಾರಣಕ್ಕೆ ಮರ್ಯಾದೆ. ಮಾದೇಶನ ಮೇಜಿಗೆ ಕಡತ ಬಂದರೆ ಅದರಲ್ಲಿರುವ ತಪ್ಪು ಮುಂದಕ್ಕೆ ಹೋಗುವುದಿಲ್ಲ ಎನ್ನುತ್ತಾರೆ. ಕಡತವೂ ಹೋಗುವುದಿಲ್ಲ ಎಂದು ಬೆನ್ನ ಹಿಂದೆ ಸೇರಿಸುತ್ತಾರಂತೆ. ಅದಕ್ಕೆ ಸಾಕ್ಷಿಯಿಲ್ಲವಾದ್ದರಿಂದ ನಾನು ನಂಬಿಲ್ಲ.

ಇಂಥ ನಾನು ಶಾಖೆಯೇ ಇಲ್ಲದ ಬ್ಯಾಂಕಿನಲ್ಲಿ ಖಾತೆ ತೆರೆದದ್ದೂ ಎಚ್ಚರಿಕೆಯಿಂದಲೇ. ಕಟ್ಟಡವೇ ಇಲ್ಲದ ಮೇಲೆ ಕಳ್ಳ ಕನ್ನ ಹಾಕುವುದೆಲ್ಲಿಗೆ? ಸಾಲು ನಿಲ್ಲಬೇಕಾಗಿಲ್ಲ, ಊಟಕ್ಕೆ ಹೋಗಿದ್ದಾರೆ ಎನ್ನುವ ಖಾಲಿ ಕುರ್ಚಿಯನ್ನು ನೋಡಬೇಕಾಗಿಲ್ಲ, ಬಡ್ಡಿ ಬೇರೆ ಚೂರು ಜಾಸ್ತಿ. ಎಲ್ಲವೂ ಫೋನಿನಲ್ಲಿ. ನಮ್ಮ ಮಾವನವರು ಉಮ್ಮತ್ತೂರಿನವರು, ಸೊಸೈಟಿ ಬ್ಯಾಂಕಿನ ಜಗಲಿಯಲ್ಲಿ ಅರ್ಧ ಆಯುಷ್ಯ ಕಳೆದವರು. ಈ ವಿಷಯ ಕೇಳಿ ಅವರು ಬಹಳ ಹೊತ್ತು ಯೋಚಿಸಿ, "ಅಳೀಮಯ್ಯ, ಬ್ಯಾಂಕು ಅಂದ್ಮೇಲೆ ಮೆಟ್ಲಿರ್ಬೇಕು. ನಾಳೆ ದುಡ್ಡು ಓಯ್ತು ಅನ್ನಿ, ಎಲ್ಲಿ ಕೂತ್ಕಂಡು ಅಳ್ತೀರಿ?" ಎಂದರು. ನಾನು ಮುಗುಳ್ನಕ್ಕೆ. ಹಳೆಯ ಕಾಲದವರ ಮಾತಿಗೆ ವಿದ್ಯಾವಂತರು ನಗುವ ಒಂದು ನಗೆಯಿದೆಯಲ್ಲ, ಅದು.

ನಾನೊಬ್ಬನೇ ಸೇರಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಗುಂಡ್ಲುಪೇಟೆ ಪಕ್ಕದ ಭೀಮನಬೀಡಿನಲ್ಲಿರುವ ನಮ್ಮಕ್ಕ ಚಿಕ್ಕತಾಯಮ್ಮನನ್ನೂ ಸೇರಿಸಿದೆ. ಅಕ್ಕ ಓಣಂ ಹೊತ್ತಿಗೆ ಬರುವಂತೆ ಚೆಂಡು ಹೂ ಬೆಳೆಯುತ್ತಾಳೆ. ಗಡಿಯಾಚೆ ಕೇರಳದ ಬತ್ತೇರಿಯ ವರ್ಗೀಸ್ ಎಂಬ ವ್ಯಾಪಾರಿ ಪಿಕಪ್ ಗಾಡಿ ಕಳಿಸಿ ಕೊಳ್ಳುತ್ತಾನೆ, ದುಡ್ಡನ್ನು ಫೋನಿನಲ್ಲೇ ಹಾಕುತ್ತಾನೆ. ಖಾತೆ ತೆರೆಯುವಾಗ ಇಮೇಲ್ ಕೇಳಿತು. ಅಕ್ಕನಿಗೆ ಇಮೇಲ್ ಎಲ್ಲಿಂದ ಬರಬೇಕು? ನನ್ನದನ್ನೇ ಕೊಟ್ಟೆ. ನಮ್ಮ ಕಡೆ ಇದು ತಪ್ಪೆಂದು ಯಾರಿಗೂ ಹೊಳೆಯುವುದಿಲ್ಲ. ಒಂದು ಮನೆಯಲ್ಲಿ ಒಬ್ಬ ಓದಿದವನಿದ್ದರೆ ಅವನ ನಂಬರು, ಅವನ ವಿಳಾಸ, ಅವನ ಸಹಿ ಎಲ್ಲವೂ ಊರ ಬಾವಿ ಇದ್ದ ಹಾಗೆ. ಯಾರು ಬೇಕಾದರೂ ಸೇದಬಹುದು.

ಈ ವರ್ಷ ಹೂವು ಮೊಗ್ಗಿಗೆ ಬರುವ ಹೊತ್ತಿಗೆ ಬ್ಯಾಂಕಿನಿಂದ ಒಂದು ಮೇಲ್ ಬಂತು. ಸಂತೋಷದ ಸುದ್ದಿಯಂತೆ. ನಮ್ಮ ಬ್ಯಾಂಕು ಇನ್ನೊಂದು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಗುತ್ತಿದೆ, ಇನ್ನು ಮುಂದೆ ನಾವೆಲ್ಲ ಒಂದೇ ಕುಟುಂಬ, ನೀವು ಏನನ್ನೂ ಮಾಡಬೇಕಾಗಿಲ್ಲ ಎಂದಿತ್ತು. ಏನನ್ನೂ ಮಾಡಬೇಕಾಗಿಲ್ಲ ಎನ್ನುವ ವಾಕ್ಯದ ಕೆಳಗೆ ಮಾಡಬೇಕಾದ ಕೆಲಸಗಳ ಉದ್ದನೆಯ ವಿವರವಿತ್ತು. ನನಗೆ ನಮ್ಮ ಕಡೆಯ ಒಂದು ಶಾಲೆಯ ನೆನಪಾಯಿತು. ಮಕ್ಕಳು ಕಮ್ಮಿ ಎಂದು ಅದನ್ನು ಪಕ್ಕದೂರಿನ ಶಾಲೆಗೆ ಸೇರಿಸಿದರು. ಬೆಂಚು ಹೋಯಿತು, ಬೀರು ಹೋಯಿತು, ಹೊಡೆಯುವ ಗಂಟೆಯೂ ಹೋಯಿತು. ಮಕ್ಕಳು ಬರುತ್ತಿಲ್ಲವಲ್ಲ ಎಂದು ವಾರ ಕಳೆದು ವಿಚಾರಿಸಿದರೆ, ಅವು ಹಳೇ ಶಾಲೆಯ ಮುಂದೆಯೇ ಗೋಲಿ ಆಡುತ್ತಾ ಗಂಟೆ ಹೊಡೆಯುವುದನ್ನು ಕಾಯುತ್ತಿದ್ದವು. ವಿಲೀನ ಎಂದರೆ ಸಾಮಾನು ಹೋಗುವುದು ಸುಲಭ, ಸುದ್ದಿ ಹೋಗುವುದು ಕಷ್ಟ.

ನಾನು ಹಾಗೆ ಗೋಲಿ ಆಡಿಕೊಂಡು ಕೂರುವವನಲ್ಲ. ಮೇಲನ್ನು ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಓದಿದೆ. ಖಾತೆ ನಂಬರು ಬದಲಾಗುತ್ತದೆ, ಐಎಫ್‌ಎಸ್‌ಸಿ ಕೋಡೂ ಬದಲಾಗುತ್ತದೆ. ಹಾಗಾಗಿ ಸಂಬಳ ಹಾಕುವ ಕಡೆ ಮೊದಲೇ ತಿಳಿಸಿದೆ. ವಿಮೆ, ಸಾಲದ ಕಂತು, ಕರೆಂಟ್ ಬಿಲ್ಲು ತಾವಾಗಿಯೇ ಕಡಿತವಾಗುತ್ತಿದ್ದವು. ಅವು ಹೊಸ ಮನೆಗೆ ತಾವಾಗಿಯೇ ಬರುತ್ತವೆಂದು ನಂಬದೆ ಒಂದೊಂದನ್ನೂ ಕೇಳಿ ಖಚಿತ ಮಾಡಿಕೊಂಡೆ. ನಾಮಿನಿಯಾಗಿದ್ದ ಹೆಂಡತಿಯ ಹೆಸರು ಅಲ್ಲೂ ಇದೆಯೇ ಎಂದು ವಿಚಾರಿಸಿದೆ. ಹಳೆಯ ಆ್ಯಪ್ ಮುಚ್ಚಿದರೆ ಹಳೆಯ ವ್ಯವಹಾರದ ವಿವರ ಸಿಗಲಿಕ್ಕಿಲ್ಲವೆಂದು ಎಲ್ಲವನ್ನೂ ಇಳಿಸಿಟ್ಟೆ. ಹೊಸ ಬ್ಯಾಂಕಿನಲ್ಲಿ ಕನಿಷ್ಠ ಎಷ್ಟು ಉಳಿಸಬೇಕು, ಠೇವಣಿಯ ಬಡ್ಡಿ ಅವಧಿ ಮುಗಿಯುವವರೆಗೂ ಹಾಗೇ ಇರುತ್ತದೆಯೇ ಎಂದೂ ನೋಡಿದೆ. ಆ ದೊಡ್ಡ ಬ್ಯಾಂಕಿನಲ್ಲೂ ನನ್ನದೊಂದು ಠೇವಣಿಯಿತ್ತು. ಬ್ಯಾಂಕು ಮುಳುಗಿದರೆ ಸಿಗುವ ವಿಮೆಗೆ ಇನ್ನು ಎರಡೂ ಸೇರಿ ಒಂದೇ ಲೆಕ್ಕ ಎಂದು ತಿಳಿದು ಆ ರಾತ್ರಿ ನಿದ್ದೆಯನ್ನೂ ಸ್ವಲ್ಪ ಕಳೆದುಕೊಂಡೆ. ಸ್ಥಳಾಂತರದ ದಿನಗಳಿಗೆಂದು ಕೈಖರ್ಚಿನ ದುಡ್ಡನ್ನು ಪೋಸ್ಟಾಫೀಸಿನ ಖಾತೆಯಲ್ಲಿಟ್ಟೆ. ಇಷ್ಟೆಲ್ಲ ಮಾಡಿ ಮುಗಿಸಿದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಬ್ಯಾಂಕಿನವರು ಪ್ರತಿ ಮೇಲನ್ನೂ ನನಗೆ ಎರಡೆರಡು ಸಲ ಕಳಿಸಿದ್ದರು. ಎಂಥ ದುಂದು ಎಂದುಕೊಂಡು, ಎರಡನೆಯದನ್ನೆಲ್ಲ ಓದದೆ ಅಳಿಸಿ ಹಾಕಿ, ಅಂಗಳ ಗುಡಿಸಿದವನ ತೃಪ್ತಿಯಿಂದ ಮಲಗಿದೆ. ಎರಡನೆಯದು ಅಕ್ಕನ ಖಾತೆಯದ್ದು.

ಅಕ್ಕನನ್ನು ನಾನು ಮರೆತಿದ್ದೆ ಎಂದುಕೊಳ್ಳಬೇಡಿ. ಬ್ಯಾಂಕು ಬದಲಾಗುವ ಸಮಯದಲ್ಲಿ ಮೋಸಗಾರರ ಹಾವಳಿ ಹೆಚ್ಚು ಎಂದು ಕೇಳಿದ್ದರಿಂದ, ಭಾನುವಾರ ಭೀಮನಬೀಡಿಗೆ ಹೋಗಿ ಅವಳನ್ನು ಕೂರಿಸಿಕೊಂಡು ಪಾಠ ಮಾಡಿದ್ದೆ. ಗೊತ್ತಿಲ್ಲದ ಬ್ಯಾಂಕಿನ ಹೆಸರಿನಲ್ಲಿ ದುಡ್ಡು ಬಂತು ಅಂತ ಮೆಸೇಜು ಬಂದರೆ ಮುಟ್ಟದೆ ಅಳಿಸಿಬಿಡು. ಗೊತ್ತಿಲ್ಲದ ನಂಬರಿನಿಂದ ನೆಂಟರ ಹೆಸರು ಹೇಳಿ ಫೋನ್ ಮಾಡಿದರೆ ನಂಬಬೇಡ, ಈಗ ಧ್ವನಿಯನ್ನೂ ಕದಿಯುತ್ತಾರೆ. ಅನುಮಾನ ಬಂದರೆ ಫೋನನ್ನೇ ಆಫ್ ಮಾಡು. ನಾನು ಹುಟ್ಟಿದಾಗಿನಿಂದ ಅಕ್ಕ ನನ್ನ ಮಾತನ್ನು ಕೇಳಿದವಳಲ್ಲ. ಇದೊಂದನ್ನು ಕೇಳಿದಳು.

ಹೂವು ಕಿತ್ತ ದಿನ ಮಧ್ಯಾಹ್ನ ಕಚೇರಿಗೆ ಅವಳ ಫೋನು ಬಂತು. "ಲೋ ಮಾದೇಸ, ನಿನ್ ಬ್ಯಾಂಕು ಮನೆ ಬದ್ಲಾಯಿಸ್ತಾ ಅದಂತೆ ಕಣ್ಲಾ. ಗಾಡಿ ತುಂಬ್ಸಿ ನಿಲ್ಸಿವ್ನಿ. ವರ್ಗೀಸು ದುಡ್ ಹಾಕ್ಬುಟ್ಟೆ ಅಂತಾವ್ನೆ, ನನ್ ಫೋನ್ ಉಸಿರೇ ಬುಡ್ತಾ ಇಲ್ಲ. ಹಿಂದ್ಲ ಬಾಗ್ಲು ಹಾಕಿಲ್ಲ. ಬಾ ಬೇಗ."

ಹಿಂದಿನ ಬಾಗಿಲು ಎಂದರೆ ಪಿಕಪ್ ಗಾಡಿಯದು. ಆ ಕಡೆಯ ಹೂವಿನವರಲ್ಲಿ ಇದೊಂದು ಕಟ್ಟುಪಾಡು. ಹೂವನ್ನು ಗಾಡಿಗೆ ಎಷ್ಟು ಬೇಕಾದರೂ ತುಂಬಿಸಿಕೊಳ್ಳಿ, ದುಡ್ಡು ಬಂದ ಮೆಸೇಜು ಬೆಳೆದವರ ಫೋನಿನಲ್ಲಿ ಸದ್ದು ಮಾಡುವವರೆಗೆ ಹಿಂದಿನ ಬಾಗಿಲು ಹಾಕುವಂತಿಲ್ಲ. ಬಾಗಿಲು ಹಾಕಿದರೆ ವ್ಯಾಪಾರ ಮುಗಿಯಿತೆಂದು ಅರ್ಥ. ಆಮೇಲೆ ಯಾರೂ ಮಾತಾಡುವ ಹಾಗಿಲ್ಲ.

ನಾನು ಅರ್ಧ ದಿನ ರಜೆ ಬರೆದು, ಮೊದಲು ಚಾಮರಾಜನಗರದಲ್ಲೇ ಇರುವ ಹೊಸ ಬ್ಯಾಂಕಿನ ಶಾಖೆಗೆ ಓಡಿದೆ. ಅದಕ್ಕೆ ಮೆಟ್ಟಿಲುಗಳಿದ್ದವು, ಒಪ್ಪಿಕೊಳ್ಳುತ್ತೇನೆ. ಕೌಂಟರಿನ ಹುಡುಗಿ ಸಮಾಧಾನದಿಂದ ಕೇಳಿ, "ಸಾರ್, ಇದು ಡಿಜಿಟಲ್ ಅಕೌಂಟು. ನಮ್ಮ ಸಿಸ್ಟಮ್ಮಲ್ಲಿ ಇನ್ನೂ ಕಾಣಲ್ಲ" ಎಂದಳು. "ಹಾಗಾದರೆ ದುಡ್ಡು ಎಲ್ಲಿದೆ?" ಎಂದೆ. "ಬರ್ತಾ ಇರುತ್ತೆ ಸಾರ್" ಎಂದಳು, ಬಸ್ಸಿನ ವಿಷಯ ಹೇಳುವ ಹಾಗೆ.

ಭೀಮನಬೀಡು ಸೇರುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಹೊಲದ ಬದುವಿನಲ್ಲಿ ಹೂವು ಕಿತ್ತ ಹೆಂಗಸರು ಕೂಲಿಗಾಗಿ ಕೂತಿದ್ದರು. ಗಾಡಿಯ ತುಂಬ ಹಳದಿ ಮೂಟೆಗಳು, ಬಾಯಿ ತೆರೆದ ಹಿಂಬಾಗಿಲು, ಅದರ ಮೇಲೆ ಕಾಲು ಇಳಿಬಿಟ್ಟು ಕೂತ ಅಕ್ಕ. ಡ್ರೈವರ್ ಬಿಜು ತನ್ನ ಫೋನನ್ನು ಅವಳ ಮುಖದ ಮುಂದೆ ಹಿಡಿದು, "ಚೇಚೀ, ಮುದಲಾಳಿ ಕಳಿಸಿದ್ದು ನೋಡಿ. ಪೈಸ ಪೋಯಿ. ಹಸಿರು ಟಿಕ್ ಉಂಟು" ಎನ್ನುತ್ತಿದ್ದ.

"ನಿನ್ ಧಣಿ ಫೋನಿಂದ ಓಗಿದ್ದು ಸರಿ ಕಣಪ್ಪ. ನನ್ ಫೋನಿಗೆ ಬರ್ಬೇಕಲ್ಲ? ಬಸ್ ಅತ್ಸಿದ್ರೆ ಆಯ್ತಾ, ಇಳೀಬ್ಯಾಡ್ವಾ?"

ನಾನು ಅಕ್ಕನ ಫೋನು ತೆಗೆದುಕೊಂಡೆ. ಹಳೆಯ ಆ್ಯಪ್ ಒಂದು ನಗುವ ಮನೆಯ ಚಿತ್ರ ತೋರಿಸಿ, ನಾವು ಹೊಸ ಮನೆಗೆ ಹೋಗುತ್ತಿದ್ದೇವೆ ಎಂದಿತು. ಹೊಸ ಆ್ಯಪ್ ಹಾಕಿದೆ. ನಿಮಗೆ ಇಮೇಲಿನಲ್ಲಿ ಕಳಿಸಿರುವ ಗ್ರಾಹಕ ಸಂಖ್ಯೆ ಒತ್ತಿ ಎಂದಿತು. ಅಂಥದ್ದು ಬಂದೇ ಇಲ್ಲವಲ್ಲ ಎಂದು ನಾನು ಖಂಡಿತವಾಗಿ ಹೇಳಿದೆ. "ಬ್ಯಾಂಕಿನದು ಏನಾದರೂ ಮೆಸೇಜ್ ಬಂತೇನಕ್ಕ?" ಎಂದು ಕೇಳಿದೆ. "ನಮ್ ಬ್ಯಾಂಕಿಂದು ಒಂದೂ ಇಲ್ಲ" ಎಂದಳು. ಇಬ್ಬರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆಮೇಲೆ ನಾನು ನನ್ನ ಫೋನಿನಿಂದ ಗ್ರಾಹಕ ಸೇವೆಗೆ ಕರೆ ಮಾಡಿದೆ. ಬ್ಯಾಟರಿ ಮುಗಿಯುವ ತನಕ ಅವರು ವೀಣೆ ನುಡಿಸಿದರು.

ಬತ್ತೇರಿ ದಾರಿಯ ಮದ್ದೂರು ಚೆಕ್‌ಪೋಸ್ಟಿನಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಹಾಕುತ್ತಾರೆ. ಆಮೇಲೆ ಕಾಡಿನ ದಾರಿ ಬೆಳಿಗ್ಗೆಯೇ ತೆರೆಯುವುದು. ಅಷ್ಟರಲ್ಲಿ ಮೂಟೆಯೊಳಗಿನ ಹೂವು ಬೆವೆತು ಕಪ್ಪಾಗುತ್ತದೆ. ಬಾಡಿದ ಚೆಂಡು ಹೂವಿನಲ್ಲಿ ಯಾರೂ ಓಣಂನ ಹೂರಂಗೋಲಿ ಪೂಕಳಂ ಹಾಕುವುದಿಲ್ಲ. ಕಳಿಸಿದರೆ ದುಡ್ಡಿನ ಭಯ, ಕಳಿಸದಿದ್ದರೆ ವರ್ಷದ ಬೆಳೆ ತಿಪ್ಪೆಗೆ. ಅಕ್ಕ ಒಂದು ಗಳಿಗೆ ಮೂಟೆಗಳನ್ನು ನೋಡಿದಳು, ಒಂದು ಗಳಿಗೆ ನನ್ನನ್ನು ನೋಡಿದಳು. ಎರಡರಲ್ಲಿ ಯಾವುದು ಕಳೆದುಹೋದರೆ ನಷ್ಟ ಕಮ್ಮಿ ಎಂದು ಅಳೆಯುತ್ತಿದ್ದಂತೆ ನನಗೆ ಕಂಡಿತು.

"ಬಿಜು, ಹೂವ ತಕಂಡ್ ಓಗು. ಇವನ್ನೂ ಕರ್ಕಂಡ್ ಓಗು. ನಾನು ದುಡ್ ಬಂತು ಅನ್ನಗಂಟ ಒಂದ್ ಮೂಟೆನೂ ಇಳುಸ್ಕೂಡ್ದು. ಇವ್ನು ಮೇಲೆ ಕೂತಿರ್ತಾನೆ."

"ಅಕ್ಕ, ನನಗೆ ನಾಳೆ ಆಫೀಸು..."

"ಬ್ಯಾಂಕು ತಂದೋನು ನೀನ್ ತಾನೆ? ಗಾಡಿ ಅತ್ತು."

ಬದುವಿನ ಹೆಂಗಸೊಬ್ಬಳು, "ಪಾಪ, ಓದಿರೋ ಮಗ ಕಣವ್ವ, ಮುಂದ್ಗಡೆ ಕೂರ್ಸು" ಎಂದು ಶಿಫಾರಸು ಮಾಡಿದ್ದರಿಂದ ನನಗೆ ಕ್ಯಾಬಿನ್ನಿನಲ್ಲಿ ಜಾಗ ಸಿಕ್ಕಿತು. ಗೇಟು ಹಾಕುವ ಮೊದಲೇ ದಾಟಿದೆವು. ಬಿಜು ದಾರಿಯುದ್ದಕ್ಕೂ ನನ್ನನ್ನು ಸಮಾಧಾನ ಮಾಡುತ್ತಾ ಬಂದ. ಅವನಿಗೆ ಕನ್ನಡ ಕಮ್ಮಿ, ನನಗೆ ಮಲಯಾಳ ಇಲ್ಲ. ಆದರೂ ಇಬ್ಬರಿಗೂ ಬ್ಯಾಂಕು ಅರ್ಥವಾಗುವುದಿಲ್ಲ ಎಂಬ ಒಂದು ವಿಷಯದಲ್ಲಿ ಸ್ನೇಹ ಬೆಳೆಯಿತು.

ಬತ್ತೇರಿಯ ಗೋಡೌನಿನ ಮುಂದೆ ವರ್ಗೀಸ್ ಯಾರೊಂದಿಗೋ ಫೋನಿನಲ್ಲಿ ಜೋರಾಗಿ ವ್ಯಾಪಾರ ನಡೆಸಿದ್ದ, ಬಿಜು ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ. ಮೂಟೆ ಇಳಿಸಲು ನಿಂತಿದ್ದವನೊಬ್ಬನ ಫೋನು ಕೇಳಿ ಪಡೆದು ಅಕ್ಕನಿಗೆ ಕರೆ ಮಾಡಿದೆ.

"ಅಕ್ಕ, ನಾನು ಮಾದೇಶ. ಮೆಸೇಜು ಬಂತಾ?"

"ಎಲ್ಲಿ ಬಂದದು? ಯಾವುದೋ ಕಳ್ ಬ್ಯಾಂಕಿಂದು ಬತ್ತಾನೇ ಅದೆ. ನಿಮ್ಮ ಖಾತೆಗೆ ದುಡ್ಡು ಜಮಾ ಆಯ್ತು ಅಂತ. ಮದ್ಯಾನದಿಂದ ಅಳ್ಸಿ ಅಳ್ಸಿ ಬೆಳ್ಳು ನೋಯ್ತದೆ."

ನಾನು ಅಲ್ಲಿದ್ದ ಬೇರೆ ಯಾರದೋ ಮೂಟೆಯ ಮೇಲೆ ಕೂತೆ. ಆಗ ಎರಡೆರಡು ಬಂದ ಮೇಲುಗಳೂ ನೆನಪಾದವು. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅದು ಕಳ್ಳ ಬ್ಯಾಂಕಲ್ಲ, ನಮ್ಮದನ್ನು ನುಂಗಿದ ಬ್ಯಾಂಕು, ದುಡ್ಡು ಮಧ್ಯಾಹ್ನವೇ ಬಂದಿದೆ, ಇನ್ನು ಮುಂದೆ ಅದೇ ಹೆಸರಿನಲ್ಲಿ ಬರುವುದು, ನಿನಗೆ ಹೇಳದೇ ಇದ್ದದ್ದು ನಾನು, ತಪ್ಪು ನನ್ನದೇ ಅಕ್ಕ, ದಯವಿಟ್ಟು ಆ ಮೆಸೇಜನ್ನು ನಂಬು ಎಂದೆ.

"ಯಾರ್ಲಾ ನೀನು?" ಎಂದಳು.

"ನಾನಕ್ಕ, ಮಾದೇಶ!"

"ನಮ್ ಮಾದೇಸನ ದನಿ ಕದ್ಕಂಡಿದ್ದೀಯಾ ಬೇವರ್ಸಿ? ನಿನ್ ಕೈ ಸೇದ್ಹೋಗ!"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲಿಲ್ಲ. ವರ್ಗೀಸನ ಫೋನಿನಿಂದ ಪ್ರಯತ್ನಿಸುವಷ್ಟರಲ್ಲಿ ಅವಳು ಪಾಠದ ಕೊನೆಯ ಭಾಗವನ್ನೂ ಪಾಲಿಸಿ ಫೋನನ್ನೇ ಆಫ್ ಮಾಡಿದ್ದಳು. ವರ್ಗೀಸ್ ನನ್ನನ್ನೂ ಮೂಟೆಗಳನ್ನೂ ಒಂದೇ ಚಿಂತೆಯಿಂದ ನೋಡುತ್ತಾ, "ಸಾರೇ, ಈಗ ಇಳಿಸುವುದಾ, ಬೇಡವಾ?" ಎಂದು ಕೇಳಿದ. ಹೂವು ಇನ್ನೂ ಕಾಯುವ ಸ್ಥಿತಿಯಲ್ಲಿರಲಿಲ್ಲ. ಯಾವ ಪುರಾವೆಯೂ ಕೈಯಲ್ಲಿಲ್ಲದೆ ನಾನು ನನ್ನ ಜೀವಮಾನದ ಮೊದಲ ಆದೇಶ ಹೊರಡಿಸಿದೆ: "ಇಳಿಸಿ."

ಬೆಳಿಗ್ಗೆ ಗೇಟು ತೆರೆದ ಮೇಲೆ ಮೊದಲ ಬಸ್ಸು ಹಿಡಿದು ಭೀಮನಬೀಡು ಸೇರಿದೆ. ಜಗಲಿಯ ಮೇಲೆ ಅಕ್ಕ ಹೂವಿನ ಹೆಂಗಸರಿಗೆ ರಾತ್ರಿಯ ಕಳ್ಳನ ಕಥೆ ಹೇಳುತ್ತಿದ್ದಳು. ನಾನು ಒಂದು ಮೂಲೆಯಲ್ಲಿ ನನ್ನ ಫೋನನ್ನು ಚಾರ್ಜಿಗೆ ಹಾಕಿ, ಅಳಿಸಿದ ಮೇಲುಗಳ ರಾಶಿ ಕೆದಕಿ ಗ್ರಾಹಕ ಸಂಖ್ಯೆ ತೆಗೆದು, ಅಕ್ಕನ ಫೋನಿನಲ್ಲಿ ಹೊಸ ಆ್ಯಪ್ ತೆರೆದು ಅವಳ ಮುಂದೆ ಹಿಡಿದೆ. ದುಡ್ಡು ಪೂರ್ತಿ ಇತ್ತು. ಅಕ್ಕ ಅಂಕಿಗಳ ಮೇಲೆ ಬೆರಳಿಟ್ಟು ಓದಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಹೆಂಗಸರಿಗೆ ಇವತ್ತೇ ಕೂಲಿ ಎಂದಳು. ಆಮೇಲೆ ಕಥೆಗೆ ಮರಳಿದಳು.

"ಥೇಟ್ ನಿನ್ ದನಿನೇ ಕಣ್ಲಾ. ನಾನೂ ಮೋಸ ಓಗ್ತಿದ್ದೆ. ಆದ್ರೆ ಕಳ್ಳನನ್ಮಗ ಒಂದ್ ಮಾತಲ್ಲಿ ಸಿಕ್ಕಾಕಂಡ. ತಪ್ಪು ನಂದೇ ಅಕ್ಕ ಅಂದ! ಅಯ್ಯೋ, ನಮ್ ಮಾದೇಸ ಹುಟ್ಟಿದ್ ಮ್ಯಾಲೆ ಯಾವತ್ತಾದ್ರೂ ಆ ಮಾತಾಡವ್ನಾ?"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅಕ್ಕ ನನ್ನ ಕಡೆ ತಿರುಗಿ, "ಅದಿರ್ಲಿ, ಇಷ್ಟೆಲ್ಲ ಆಗಕ್ಕೆ ತಪ್ಪು ಯಾರ್ದ್ಲಾ?" ಎಂದು ಕೇಳಿದಳು.

ನಾನು ನಿಧಾನವಾಗಿ, ಎಲ್ಲ ಕಡೆಯಿಂದ ಯೋಚಿಸಿ, "ಬ್ಯಾಂಕಿನದು ಅಕ್ಕ" ಎಂದೆ.

"ಹೂಂ, ನಮ್ ಮಾದೇಸನೇ ಕಣ್ಲಾ ನೀನು" ಎಂದು ಅವಳು ಕಾಫಿ ತರಲು ಒಳಗೆ ಹೋದಳು.