ತಪ್ಪು ಹೇಳಿ ಕಾಯುತ್ತಿದ್ದ ಮಾಸ್ಟ್ರು

ಮೂಡುಬಿದಿರೆಯಲ್ಲಿ ಸುಳ್ಳು ಹೇಳುವವರಿಗೆ ಯಾವ ಕಾಲದಲ್ಲೂ ಬರಗಾಲ ಬಂದದ್ದಿಲ್ಲ. ಆದರೆ ಸರ್ಕಾರದ ಸಂಬಳ ತೆಗೆದುಕೊಂಡು, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಕರಿಹಲಗೆಯ ಮುಂದೆ ನಿಂತು, ದಿನಕ್ಕೊಂದರಂತೆ ಸುಳ್ಳು ಹೇಳಿದವರು ನಮ್ಮ ಚರಿತ್ರೆಯ ಮಾಸ್ಟ್ರು ಒಬ್ಬರೇ! ಹೀಗೆ ಬರೆದೆನೆಂದು ಅವರ ಶಿಷ್ಯರು ಯಾರಾದರೂ ಜಗಳಕ್ಕೆ ಬಂದರೆ ಬರಲಿ. ಮಾಸ್ಟ್ರು ಈಗ ಇಲ್ಲ. ಇದ್ದಿದ್ದರೆ ಆ ಜಗಳ ನೋಡಿ ಅವರಷ್ಟು ಸಂತೋಷಪಡುವವರು ಬೇರೆ ಇರುತ್ತಿರಲಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಯ ಹೈಸ್ಕೂಲಿಗೆ ಗಣಿತ ಕಲಿಸಲು ಸೇರಿದೆ. ಬಾಡಿಗೆಗೆ ಕೋಣೆ ಹುಡುಕಿ ಸೋತಿದ್ದಾಗ ಮಾಸ್ಟ್ರೇ ಕರೆದು, "ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಉಂಟು. ನಾನೊಬ್ಬನೇ ಇರುವುದು. ಬನ್ನಿ" ಎಂದರು. ನಲವತ್ತು ದಾಟಿದ ಬ್ರಹ್ಮಚಾರಿ. ಮನೆಯಲ್ಲಿ ಪುಸ್ತಕ, ಒಂದು ಒಲೆ, ಎರಡು ಬಟ್ಟಲು. ಎರಡನೆಯ ಬಟ್ಟಲು ಯಾರಿಗೆಂದು ಇಟ್ಟುಕೊಂಡಿದ್ದರೋ, ನಾನು ಆ ಮನೆ ಸೇರುವವರೆಗೆ ಅದನ್ನು ಯಾರೂ ಬಳಸಿದಂತೆ ಕಾಣಲಿಲ್ಲ.

ಶಾಲೆಯಲ್ಲಿ ನಮ್ಮ ಎರಡು ತರಗತಿಗಳ ನಡುವೆ ಇದ್ದದ್ದು ಬಿದಿರಿನ ತಟ್ಟಿ. ನಾನು ಈ ಕಡೆ ಬೀಜಗಣಿತ ಮಾಡುತ್ತಿದ್ದರೆ ಆ ಕಡೆಯಿಂದ ಫ್ರಾನ್ಸಿನ ಮಹಾಕ್ರಾಂತಿ ನುಗ್ಗಿ ಬರುತ್ತಿತ್ತು. ಪಠ್ಯದಲ್ಲಿ ಕ್ರಾಂತಿಯ ಕಾರಣಗಳನ್ನು ಸಾಲಾಗಿ ಕೊಟ್ಟಿದ್ದರು, ಬಾಯಿಪಾಠ ಮಾಡಿದರೆ ಪಾಸು. ಮಾಸ್ಟ್ರು ಪುಸ್ತಕವನ್ನೇ ಮುಚ್ಚಿಸಿಬಿಡುತ್ತಿದ್ದರು.

"ಮೊದಲು ಹಾರಿದ್ದು ಕೋವಿ ಅಲ್ಲ ಮಕ್ಕಳೇ! ಅದಕ್ಕಿಂತ ಎಷ್ಟೋ ವರ್ಷ ಮೊದಲು, ಪ್ಯಾರಿಸಿನ ಕಾಫಿ ಹೋಟೆಲಿನಲ್ಲಿ ಕೂತು ಒಬ್ಬ ಕೇಳಿದ, ಇದು ಯಾಕೆ ಹೀಗೆ ಅಂತ. ರಾಜನನ್ನು ದೇವರೇ ನೇಮಿಸಿದ್ದು ಅಂತ ಎಲ್ಲರೂ ಹೇಳ್ತಿದ್ರು. ಇವ ಕೇಳಿದ, ನೇಮಕದ ಆರ್ಡರು ಯಾರಾದ್ರೂ ನೋಡಿದ್ದೀರಾ? ಅಷ್ಟೇ! ಆ ಪ್ರಶ್ನೆ ಹೋಟೆಲಿನಿಂದ ಪೇಟೆಗೆ ಹೋಯಿತು, ಪೇಟೆಯಿಂದ ಗದ್ದೆಗೆ ಹೋಯಿತು, ಕೊನೆಗೆ ಸಿಂಹಾಸನದ ಕಾಲು ಮುರಿಯಿತು. ಹಾಗಾದ್ರೆ ಕ್ರಾಂತಿ ಶುರುವಾದದ್ದು ಎಲ್ಲಿ?"

"ಹೌದು ಸಾರ್!" ಎನ್ನುತ್ತಿತ್ತು ಇಡೀ ತರಗತಿ.

ಈ "ಹೌದು ಸಾರ್" ಕೇಳಿ ಕೇಳಿ ಅವರ ತಲೆ ಕೆಟ್ಟಿತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದೇ ಸುಳ್ಳು. ಪಾಠದ ನಡುವೆ ಬೇಕೆಂದೇ ಒಂದು ತಪ್ಪು ಹೇಳುವುದು, ಕನ್ನಡಕ ತೆಗೆದು ಪಂಚೆಯ ತುದಿಯಿಂದ ನಿಧಾನವಾಗಿ ಒರೆಸುವುದು. ಒರೆಸಿ ಮುಗಿಯುವುದರೊಳಗೆ ಯಾರಾದರೂ ಎದ್ದು "ಅದು ತಪ್ಪು ಸಾರ್" ಎನ್ನಬೇಕು. ಯಾರೂ ಏಳುತ್ತಿರಲಿಲ್ಲ! ನಮ್ಮ ಕಡೆ ಮಾಸ್ಟ್ರಿಗೆ ಎದುರು ಮಾತಾಡುವುದು ಉಂಟೇ? ಮಕ್ಕಳು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಅವರು ಸುಳ್ಳನ್ನು ದೊಡ್ಡದು ಮಾಡುತ್ತಾ ಹೋದರು, ಮಕ್ಕಳು ಅಕ್ಷರವನ್ನು ದುಂಡಗೆ ಮಾಡುತ್ತಾ ಹೋದರು. ಕೊನೆಗೊಂದು ದಿನ ಮಾಸ್ಟ್ರು, "ಫ್ರಾನ್ಸಿನ ರಾಜ ವೇಷ ಮರೆಸಿ ಓಡಿಹೋಗುವಾಗ ಇಲ್ಲೇ ನಮ್ಮ ಫರಂಗಿಪೇಟೆಯ ಹೊಳೆಬದಿಯಲ್ಲಿ ದೋಣಿಗೆ ಕಾಯುತ್ತಿದ್ದ. ಅಲ್ಲೇ ಹಿಡಿದರು" ಎಂದರು. ತಟ್ಟಿಯ ಈಚೆ ನನ್ನ ಕೈಯ ಸೀಮೆಸುಣ್ಣ ಬಿದ್ದುಹೋಯಿತು. ಆಚೆ ಲೇಖನಿಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಆ ವಾರವೇ ಇನ್‌ಸ್ಪೆಕ್ಟರು ತಪಾಸಣೆಗೆ ಬರಬೇಕೇ? ಮುಂದಿನ ಬೆಂಚಿನವನನ್ನು ಎಬ್ಬಿಸಿ, "ಫ್ರಾನ್ಸಿನ ರಾಜ ಎಲ್ಲಿ ಸಿಕ್ಕಿಬಿದ್ದ?" ಎಂದು ಕೇಳಿದರು.

"ಫರಂಗಿಪೇಟೆಯಲ್ಲಿ ಸಾರ್!"

ಹೆಡ್‌ಮಾಸ್ಟರರ ಮುಖ ಹುಳಿ ಮಜ್ಜಿಗೆಯಾಯಿತು. ನಮ್ಮ ಮಾಸ್ಟ್ರು ಮಾತ್ರ ಆಸೆಯಿಂದ ಮುಂದೆ ಬಾಗಿ, "ತಪ್ಪಿದ್ದರೆ ದಯವಿಟ್ಟು ಹೇಳಿ ಸಾರ್" ಎಂದು ಕನ್ನಡಕ ತೆಗೆದರು. ಇನ್‌ಸ್ಪೆಕ್ಟರು ಒಮ್ಮೆ ಹುಡುಗನನ್ನು, ಒಮ್ಮೆ ಗಡಿಯಾರವನ್ನು ನೋಡಿ, "ಇರಬಹುದು, ಇರಬಹುದು" ಎಂದು ಊಟಕ್ಕೆ ಹೊರಟರು. ಪಾಠದಲ್ಲಿ ಸ್ಥಳೀಯ ಉದಾಹರಣೆಗಳ ಬಳಕೆ ಶ್ಲಾಘನೀಯವೆಂದು ಬರೆದೂ ಹೋದರು!

ಸಂಜೆ ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದರೆ ಮಾಸ್ಟ್ರು ಗಂಜಿಯ ಬಟ್ಟಲನ್ನು ಮುಟ್ಟಲೇ ಇಲ್ಲ. "ಅವರೂ ಒಪ್ಪಿಕೊಂಡರಲ್ಲ ಮಾರಾಯ್ರೇ! ಇನ್ನು ನಾನು ಯಾರ ಹತ್ತಿರ ಮಾತಾಡುವುದು?" ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಅವರಿಗೆ ಮದುವೆ ಯಾಕಾಗಲಿಲ್ಲ ಎಂಬುದು ಸ್ಟಾಫ್ ರೂಮಿನ ಅಚ್ಚುಮೆಚ್ಚಿನ ಕಥೆ. ಪ್ರಾಯದಲ್ಲಿ ಬೆಳ್ತಂಗಡಿಯ ಕಡೆ ಹೆಣ್ಣು ನೋಡಲು ಹೋಗಿದ್ದರಂತೆ. ಹುಡುಗಿ ಲಕ್ಷಣವಾಗಿದ್ದಳು, ಇವರಿಗೂ ಮನಸ್ಸಾಗಿತ್ತು. "ನಾನು ತಪ್ಪು ಹೇಳಿದರೆ ನೀವು ತಿದ್ದುತ್ತೀರಾ?" ಎಂದು ಕೇಳಿದರಂತೆ. ಹುಡುಗಿ ಬಾಯಿ ತೆರೆಯುವ ಮೊದಲೇ ಅವಳ ಅಪ್ಪ, "ಛೆ ಛೆ! ಅವಳು ಎದುರು ಮಾತಾಡುವವಳೇ ಅಲ್ಲ. ನೀವು ಹಗಲನ್ನು ರಾತ್ರಿ ಅಂದ್ರೂ ಹೂಂ ಅಂತಾಳೆ" ಎಂದು ಎದೆಯುಬ್ಬಿಸಿದರು. ಇದಕ್ಕಿಂತ ದೊಡ್ಡ ಶಿಫಾರಸು ಬೇಕೇ? ಬೇರೆ ಯಾವ ಗಂಡಾದರೂ ಅಲ್ಲೇ ಮುಹೂರ್ತ ಕೇಳುತ್ತಿದ್ದ. ಇವರು ಕೈಮುಗಿದು, ಮಡಂತ್ಯಾರಿನ ಕಡೆ ಹೋಗುವ ಬಸ್ಸು ಹತ್ತಿಬಿಟ್ಟರು. ಮೂಡುಬಿದಿರೆಗೆ ಅದು ದಾರಿಯೂ ಅಲ್ಲ! ಸಿಕ್ಕಿದ ಬಸ್ಸು ಅದು, ಅಷ್ಟೆ.

ಹಾಗೆಂದು ಅವರ ಶ್ರಮವೆಲ್ಲ ನೀರಿನಲ್ಲಿ ಹೋಮವಾಯಿತು ಎನ್ನುವಂತಿಲ್ಲ. ಶಿರ್ತಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಹಾಜರಿ ಕೂಗಿದರೆ ಸ್ವರ ಹೊರಡದಷ್ಟು ಸಂಕೋಚದವಳು. ಮುಂದಿನ ವರ್ಷ ಮಾಸ್ಟ್ರು ಮತ್ತೆ ಫರಂಗಿಪೇಟೆಯಲ್ಲಿ ರಾಜನನ್ನು ಹಿಡಿಸಿ ಕನ್ನಡಕ ಒರೆಸುತ್ತಿರುವಾಗ ಅವಳು ಎದ್ದು ನಿಂತಳು.

"ಸಾರ್, ಅದು ತಪ್ಪು."

ಈಚೆ ನನ್ನ ಹುಡುಗರೆಲ್ಲ ತಟ್ಟಿಗೆ ಕಿವಿಯಿಟ್ಟರು. ಮಾಸ್ಟ್ರು ಕೇಳಿದರು, "ಸಾಕ್ಷಿ ಉಂಟಾ?"

"ನನ್ನ ಅಜ್ಜಿಮನೆ ಅಲ್ಲಿಯೇ ಸಾರ್, ಹೊಳೆಯ ಬದಿ. ರಾಜ ಬಂದಿದ್ರೆ ಅಜ್ಜಿ ಹೇಳದೆ ಇರ್ತಿರಲಿಲ್ಲ."

ಮಾಸ್ಟ್ರು ತಟ್ಟಿಯನ್ನೇ ಸರಿಸಿ ನನ್ನ ತರಗತಿಗೆ ನುಗ್ಗಿದರು! "ಕೇಳಿದಿರಾ? ಸಾಕ್ಷಿ ಕೊಟ್ಟಳು! ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಲಿಲ್ಲ, ಸ್ವಂತ ಬುದ್ಧಿಯಿಂದ ಸಾಕ್ಷಿ ಕೊಟ್ಟಳು! ಕ್ರಾಂತಿ ಅಂದ್ರೆ ಇದೇ ಮಾರಾಯ್ರೇ!" ಅಂದು ಮನೆಯಲ್ಲಿ ಪಾಯಸವಾಯಿತು. ಬೆಲ್ಲ ಹೆಚ್ಚಾಗಿತ್ತು, ನಾನು ಚೆನ್ನಾಗಿದೆ ಎಂದೆ.

ಮರುದಿನ ಬೆಳಿಗ್ಗೆ ಹುಡುಗಿಯ ಅಪ್ಪ ಬಾಳೆಗೊನೆ ಹೊತ್ತು ನಮ್ಮ ಅಂಗಳಕ್ಕೆ ಬಂದರು. "ಕ್ಷಮಿಸಬೇಕು ಮಾಸ್ಟ್ರೇ. ಮಗಳು ಅಧಿಕಪ್ರಸಂಗ ಮಾಡಿದ್ದಾಳಂತೆ. ಸರಿಯಾಗಿ ಬುದ್ಧಿ ಹೇಳಿದ್ದೇನೆ, ಇನ್ನು ಬಾಯಿ ಬಿಡ್ಲಿಕ್ಕಿಲ್ಲ."

"ಅಯ್ಯೋ, ನೀವು ಮಾಡಿದ್ದು ದೊಡ್ಡ ತಪ್ಪು!" ಎಂದರು ಮಾಸ್ಟ್ರು.

"ಹೌದು ಮಾಸ್ಟ್ರೇ, ತಪ್ಪು" ಎಂದರು ಆ ಮನುಷ್ಯ, ತಲೆ ತಗ್ಗಿಸಿ.

"ಇಲ್ಲ, ನಿಮಗೆ ಅರ್ಥವಾಗಲಿಲ್ಲ."

"ಹೌದು ಮಾಸ್ಟ್ರೇ, ಅರ್ಥವಾಗಲಿಲ್ಲ."

ಇದಕ್ಕೆ ಏನು ಮಾಡುವುದು ಹೇಳಿ! ಹುಡುಗಿ ಮತ್ತೆ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಬಾಳೆಗೊನೆ ಮನೆಯ ಮೂಲೆಯಲ್ಲಿ ಹಣ್ಣಾಗಿ, ಕಪ್ಪಾಗಿ, ಕೊನೆಗೆ ದನಕ್ಕೆ ಹೋಯಿತು. ಮಾಸ್ಟ್ರು ಪಾಠ ಮಾಡುವುದನ್ನು ನಿಲ್ಲಿಸಲಿಲ್ಲ, ಕನ್ನಡಕ ಒರೆಸುವುದನ್ನೂ ನಿಲ್ಲಿಸಲಿಲ್ಲ. ಪೇಟೆಗೆ ಹೋದರೆ ಎಲ್ಲರೂ ಎದ್ದು ನಿಂತು ನಮಸ್ಕಾರ ಮಾಡುವರು, ಅವರು ಏನೆಂದರೂ ಹೌದೆನ್ನುವರು, ಅವರು ಕೂತ ಬೆಂಚಿನಲ್ಲಿ ಮರ್ಯಾದೆಗೆಂದು ಯಾರೂ ಕೂರರು. ಆ ಬೆಂಚಿನ ತುದಿಯಲ್ಲಿ ಒಬ್ಬರೇ ಕೂತು ಚಹಾ ಕುಡಿಯುವ ಅವರನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಅರವತ್ತರ ದಶಕದ ನಡುವೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಮಾಸ್ಟ್ರು ಬಸ್ ಸ್ಟ್ಯಾಂಡಿನವರೆಗೂ ಬಂದರು. ಟ್ರಂಕು, ಹಾಸಿಗೆ ಬಸ್ಸಿನ ಮೇಲೇರಿದವು. ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡಿದ್ದ.

"ನೀನು ಧೈರ್ಯದಿಂದ ಹೋಗು" ಎಂದರು ಮಾಸ್ಟ್ರು. ಇಷ್ಟು ವರ್ಷದಲ್ಲಿ ನಾನು ಅವರಿಗೆ 'ನೀನು' ಆಗಿದ್ದೆ. "ನನ್ನದೇನೂ ಚಿಂತೆ ಮಾಡ್ಬೇಡ. ನನಗೆ ಒಬ್ಬನೇ ಇದ್ದು ಅಭ್ಯಾಸ ಉಂಟು. ಯಾರೂ ಇಲ್ಲದಿದ್ದರೂ ನಡೀತದೆ."

ಅಭ್ಯಾಸಬಲದಿಂದ "ಹೌದು ಸಾರ್" ಎನ್ನಲು ಬಾಯಿ ತೆರೆದೆ. ಆಗ ಕಂಡಿತು. ಮಾಸ್ಟ್ರು ಕನ್ನಡಕ ತೆಗೆದು, ಪಂಚೆಯ ತುದಿ ಹಿಡಿದು, ತಲೆ ತಗ್ಗಿಸಿ ಒರೆಸುತ್ತಿದ್ದರು. ನಿಧಾನವಾಗಿ.

"ಅದು ತಪ್ಪು ಸಾರ್" ಎಂದೆ.

ಅವರ ಕೈ ನಿಂತಿತು. "ಸಾಕ್ಷಿ ಉಂಟಾ?"

"ನಿಮ್ಮ ಕೈಯಲ್ಲೇ ಉಂಟು."

ಮಾಸ್ಟ್ರು ಕನ್ನಡಕವನ್ನು ನೋಡಿದರು. ಬಹಳ ಹೊತ್ತು ಅದನ್ನು ಹಾಕಿಕೊಳ್ಳಲೇ ಇಲ್ಲ. ನಾನು ಕಂಡಕ್ಟರನನ್ನು ಕೂಗಿ ಸಾಮಾನು ಕೆಳಗಿಳಿಸಿದೆ. ಅವನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ.

"ದಿನಾ ಬೆಳ್ತಂಗಡಿಗೆ ಬಸ್ಸಿನಲ್ಲಿ ಹೋಗಿಬರುವುದಾ? ಶುದ್ಧ ಹುಚ್ಚು!" ಎಂದರು ಮಾಸ್ಟ್ರು, ಟ್ರಂಕಿನ ಒಂದು ಹಿಡಿ ಹಿಡಿದು.

"ಅಲ್ಲ ಸಾರ್" ಎಂದು ನಾನು ಇನ್ನೊಂದು ಹಿಡಿ ಹಿಡಿದೆ. "ಮತ್ತೆ, ಆವತ್ತು ನಿಮ್ಮ ಪಾಯಸಕ್ಕೆ ಬೆಲ್ಲ ಹೆಚ್ಚಾಗಿತ್ತು."

"ಹೆಚ್ಚಾಗಿರಲಿಲ್ಲ!"

"ಹೆಚ್ಚಾಗಿತ್ತು!"

ಪೇಟೆಯ ಜನ ಎದ್ದು ನಿಂತು, ಕೈಮುಗಿಯುವುದನ್ನೂ ಮರೆತು ನೋಡುತ್ತಿದ್ದರು. ನಾವಿಬ್ಬರೂ ಮನೆ ಬಾಗಿಲವರೆಗೂ ಜಗಳವಾಡುತ್ತಲೇ ಹೋದೆವು.